ಹದಿನೆಂಟರ ಬಾಗಿಲಲ್ಲಿ ಅಕ್ಕಯಮ್ಮ

ಅಕ್ಕಯಮ್ಮನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಸುಮ್ಮನೆ ಹೊಗಳಲು ಕೂತಿದ್ದೇನೆ ಎಂದುಕೊಳ್ಳುತ್ತೀರಿ. ಆಕೆ ನನ್ನನ್ನು ಶ್ರೀನಿವಾಸಪುರದ ಅರ್ಧ ಊರಿನ ಎದುರು ಸಿನಿಮಾ ಟೆಂಟಿನ ಬಾಗಿಲಲ್ಲಿ ತಡೆದು ನಿಲ್ಲಿಸಿದಳು. ಆಗ ನನಗೆ ಹದಿನಾಲ್ಕು. ಮೊದಲ ಸಲ ಸೀರೆ ಉಟ್ಟಿದ್ದೆ, ತಲೆತುಂಬ ಕನಕಾಂಬರ ಮುಡಿದಿದ್ದೆ, ಪಕ್ಕದಲ್ಲಿ ನನ್ನನ್ನು ಸೊಸೆ ಮಾಡಿಕೊಳ್ಳಲು ಗೌನಿಪಲ್ಲಿಯಿಂದ ಬಂದಿದ್ದ ಆವಲಮ್ಮ ನಿಂತಿದ್ದರು. ಅಂಥ ಹೊತ್ತಿನಲ್ಲಿ 'ಇದು ಇನ್ನೂ ಮಗು' ಅನ್ನಿಸಿಕೊಂಡರೆ ಯಾವ ಹುಡುಗಿಗೆ ತಾನೆ ಮೈ ಉರಿಯುವುದಿಲ್ಲ?

ಅಕ್ಕಯಮ್ಮ ನಮ್ಮೂರಿನ ಸೂಲಗಿತ್ತಿ. ಕುಳ್ಳಗಿನ ಗಟ್ಟಿ ಹೆಂಗಸು, ಅಗಲವಾದ ಅಂಗೈ, ಬುಡಕ್ಕೆ ಕತ್ತರಿಸಿದ ಉಗುರು. ಹುಟ್ಟಿದ್ದು ಆವನಿ ಕಡೆಯ ಒಂದು ಹಳ್ಳಿಯಲ್ಲಿ. ಒಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಳು, ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡಳು, ಹೆತ್ತ ಮೂರರಲ್ಲಿ ಒಂದೂ ಉಳಿಯಲಿಲ್ಲ. ಇದನ್ನು ಹೇಳಿಕೊಂಡು ಯಾರ ಜಗಲಿಯ ಮೇಲೂ ಆಕೆ ಅತ್ತವಳಲ್ಲ. ಆಕೆಯ ಅತ್ತೆ ಸೂಲಗಿತ್ತಿಯಾಗಿದ್ದಳು. ಅತ್ತೆಯ ಹಿಂದೆ ಹರಳೆಣ್ಣೆ ಬಟ್ಟಲು ಹಿಡಿದುಕೊಂಡು ಮನೆಮನೆಗೆ ಹೋಗಿ ಕೆಲಸ ಕಲಿತಳು. ನಾನು ಹುಟ್ಟುವ ಹೊತ್ತಿಗೆ ಊರಿನ ಅರ್ಧ ಜನ ಆಕೆಯ ಕೈಗೇ ಬಿದ್ದವರು. ಯಾರಾದರೂ ಮೀಸೆ ತಿರುವಿ ಗದರಿಸಲು ಬಂದರೆ, "ಏನ್ಲಾ, ನಿನ್ನ ಮುಖಾನ ನಿಮ್ಮಮ್ಮನಿಗಿಂತ ಮೊದ್ಲು ನೋಡಿದ್ದು ನಾನು ಕಣೋ" ಎನ್ನುತ್ತಿದ್ದಳು. ಬಂದವನು ಮೀಸೆಯಿಂದ ಕೈ ತೆಗೆಯುತ್ತಿದ್ದ.

ಆಕೆಗೆ ಓದು ಬರಹ ಇರಲಿಲ್ಲ. ಆದರೆ ತಾನು ಮಾಡಿಸಿದ ಒಂದು ಹೆರಿಗೆಯನ್ನೂ ಮರೆತಿರಲಿಲ್ಲ. ಹೆರಿಗೆಯ ದಿನ ಆ ಮನೆಯಲ್ಲಿ ತನಗೆ ಏನು ಊಟ ಹಾಕಿದರು ಎಂಬುದರಿಂದ ಆಕೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿದ್ದಳು. ಅವರೆಕಾಳು ಸಾರು ಉಂಡಿದ್ದರೆ ಮಾರ್ಗಶಿರ ಪುಷ್ಯ, ಮಾವಿನಕಾಯಿ ಗೊಜ್ಜು ಉಂಡಿದ್ದರೆ ಚೈತ್ರ. ವರ್ಷಕ್ಕೆ ಬೇರೆ ಗುರುತುಗಳು: ಪ್ಲೇಗ್ ಬಂದು ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಸೀಮೆಎಣ್ಣೆ ಸಿಗದೆ ಹೋದ ಯುದ್ಧದ ವರ್ಷ. ನಮ್ಮ ಮನೆಗಳಲ್ಲಿ ಆಗ ಯಾರ ವಯಸ್ಸನ್ನೂ ಯಾರೂ ಬರೆದಿಟ್ಟಿರಲಿಲ್ಲ. ಕೇಳಿದರೆ ಗಂಡಸರು "ಒಂದು ಇಪ್ಪತ್ತೋ ಮೂವತ್ತೋ ಇರ್ಬೋದು" ಎಂದು ಗಡ್ಡ ಕೆರೆದುಕೊಳ್ಳುವರು. ಅಕ್ಕಯಮ್ಮನನ್ನು ಕೇಳಿದರೆ ತಿಂಗಳ ಸಮೇತ ಹೇಳಿ, ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಎಂಬುದನ್ನೂ ಸೇರಿಸುವಳು.

ನಮ್ಮ ಮನೆಯಲ್ಲಿ ಮಾತ್ರ ಆಕೆಯ ಹೆಸರು ಎತ್ತುವಂತಿರಲಿಲ್ಲ. ನನ್ನ ಅಕ್ಕ ಶ್ಯಾಮಲಾಳಿಗೆ ಹದಿಮೂರಕ್ಕೆ ಮದುವೆ ಮಾಡಿದರು. ಹದಿನೈದಕ್ಕೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಒಂದಿಡೀ ದಿನ ನೋವು ತಿಂದಳು. ಎರಡನೇ ದಿನ ಬೆಳಿಗ್ಗೆ ಅಕ್ಕಯಮ್ಮ ಕೋಣೆಯಿಂದ ಹೊರಗೆ ಬಂದು ನನ್ನ ಅಪ್ಪ ವೆಂಕಟರಮಣಪ್ಪನಿಗೆ, "ಅಣ್ಣಾ, ಇದು ನನ್ನ ಕೈಲಾಗೋದಲ್ಲ. ಮಗು ಬರೋ ಅಷ್ಟು ಜಾಗ ಇದ್ರ ಮೈಯಲ್ಲಿ ಇಲ್ಲ, ಇದೇ ಒಂದು ಮಗು. ಗಾಡಿ ಕಟ್ಟು, ಕೋಲಾರದ ಆಸ್ಪತ್ರೆಗೆ ಹೋಗಣ" ಎಂದಳು. ಗಂಡಸು ಡಾಕ್ಟರು ಮುಟ್ಟುವುದೆಂದರೇನು ಎಂದು ಅಪ್ಪ ಗಾಡಿ ಕಟ್ಟಲಿಲ್ಲ. ಮೂರನೇ ದಿನ ಕಟ್ಟಿದ. ಕೋಲಾರದ ರಸ್ತೆ ಸೇರುವುದರೊಳಗೆ ವಾಪಸು ತಿರುಗಿಸಬೇಕಾಯಿತು. ನನಗಾಗ ಎಂಟು ವರ್ಷ. ಗಾಡಿ ಅಂಗಳಕ್ಕೆ ಬಂದು ನಿಂತದ್ದು, ಯಾರೂ ಇಳಿಯದೆ ಕೂತಿದ್ದದ್ದು ನನಗೆ ನೆನಪಿದೆ.

ಅಪ್ಪನನ್ನು ಬೈಯುವ ಹಾಗಿರಲಿಲ್ಲವಲ್ಲ, ಅಮ್ಮ ಅಕ್ಕಯಮ್ಮನನ್ನು ಬೈದಳು. ಅವಳ ಕೈ ಸರಿಯಿಲ್ಲ, ಅವಳ ಸ್ವಂತದ ಮೂರೂ ಉಳಿಯಲಿಲ್ಲ, ನನ್ನದನ್ನು ಉಳಿಸುತ್ತಾಳೆಯೇ ಎಂದಳು. ಆಮೇಲೆ ಆರು ವರ್ಷ ಇಬ್ಬರೂ ಮಾತಾಡಲಿಲ್ಲ. ಬೀದಿಯಲ್ಲಿ ಅಕ್ಕಯಮ್ಮ ಎದುರಾದರೆ ಅಮ್ಮ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದಳು. ಅಕ್ಕಯಮ್ಮ ದಾರಿ ಬಿಟ್ಟು ಪಕ್ಕದಿಂದ ಹೋಗಿಬಿಡುತ್ತಿದ್ದಳು.

ಆದರೆ ಆ ಸಾವಿನ ನಂತರ ಆಕೆ ಒಂದು ಹಟ ಹಿಡಿದಳು. ಯಾವ ಮನೆಯಲ್ಲಿ ಚಿಕ್ಕ ಹುಡುಗಿಯ ಮದುವೆಯ ಮಾತು ನಡೆದರೂ ಕರೆಯದೆ ಹೋಗಿ ಕೂರುವಳು. "ಇನ್ನೂ ಸ್ವಲ್ಪ ದಿನ ತಡೀರಣ್ಣ, ಮೈ ಬಲೀಲಿ" ಎನ್ನುವಳು. ಜನ ನಗುತ್ತಿದ್ದರು. ಹೆರಿಗೆ ಮಾಡಿಸುವವಳೇ ಹೆರಿಗೆ ಬೇಡ ಎನ್ನುತ್ತಾಳಲ್ಲ ಎಂದು ಹಾಸ್ಯ ಮಾಡುತ್ತಿದ್ದರು. ಸ್ವಲ್ಪ ದಿನ ಅಂದರೆ ಎಷ್ಟು ದಿನ, ಬಲಿಯುವುದು ಅಂದರೆ ಎಷ್ಟಕ್ಕೆ, ಹಾಗೆಂದು ಯಾರು ಹೇಳಿದವರು ಎಂದು ಗಂಡಸರು ಕೇಳಿದರೆ ಆಕೆಯ ಬಳಿ ಒಂದು ಅಂಕಿ ಇರಲಿಲ್ಲ. ತಾನು ಕಂಡದ್ದು ಬಿಟ್ಟರೆ ಬೇರೆ ಆಧಾರವಿರಲಿಲ್ಲ, ಒಬ್ಬ ಸೂಲಗಿತ್ತಿ ಕಂಡದ್ದಕ್ಕೆ ಬೆಲೆಯೂ ಇರಲಿಲ್ಲ. ಕಾಫಿ ಕೊಟ್ಟು ಕಳಿಸುತ್ತಿದ್ದರು.

ಇಂಥವಳು ಸಿನಿಮಾ ಟೆಂಟಿನ ಬಾಗಿಲಿಗೆ ಬಂದು ನಿಂತದ್ದು ಮುನಿಯಲ್ಲಪ್ಪನಿಂದ. ಮುನಿಯಲ್ಲಪ್ಪ ಮಾಲೂರಿನವನು, ಟೆಂಟಿನ ಯಜಮಾನ. ಕೊಯ್ಲು ಮುಗಿಯುತ್ತಲೇ ಕಂಬ, ಗುಡಾರದ ಬಟ್ಟೆ, ಎಂಜಿನು ಎಲ್ಲ ಹೇರಿಕೊಂಡು ಬಂದು ಸಂತೆ ಬಯಲಿನಲ್ಲಿ ಟೆಂಟು ಹಾಕುತ್ತಿದ್ದ. ಒಳಗೆ ಮರಳು ಹಾಸಿ, ನಡುವೆ ಒಂದು ಪರದೆ ಕಟ್ಟಿ, ಈ ಕಡೆ ಗಂಡಸರು ಆ ಕಡೆ ಹೆಂಗಸರು ಎಂದು ಮಾಡಿದ್ದ. ಮೊದಲ ವರ್ಷ ಹೆಂಗಸರ ಕಡೆಯ ಮರಳಿನ ಮೇಲೆ ನಾಯಿ ಮಲಗಿರುತ್ತಿತ್ತು. ಬಾಗಿಲಲ್ಲಿ ಗೊತ್ತಿಲ್ಲದ ಗಂಡಸಿನ ಕೈಗೆ ಚೀಟಿ ಕೊಟ್ಟು ಒಳಗೆ ಹೋಗಲು ನಮ್ಮವರಿಗೆ ಸಂಕೋಚ. ಯಾರೋ ಬುದ್ಧಿ ಹೇಳಿದರಂತೆ, ಮುನಿಯಲ್ಲಪ್ಪ ಅಕ್ಕಯಮ್ಮನನ್ನು ಹೆಂಗಸರ ಬಾಗಿಲಿಗೆ ನಿಲ್ಲಿಸಿದ. ತಮ್ಮ ಬಾಣಂತನ ಕಂಡವಳ ಮುಂದೆ ಯಾರಿಗೆ ಸಂಕೋಚ? ಒಂದೇ ವಾರದಲ್ಲಿ ನಾಯಿಗೆ ಜಾಗವಿಲ್ಲದಂತಾಯಿತು.

ಚೀಟಿ ಹರಿಯುವುದಷ್ಟೇ ಕೆಲಸವೆಂದು ಅಕ್ಕಯಮ್ಮ ಎಣಿಸಲಿಲ್ಲ. ಹೊಸ ಸಿನಿಮಾ ಬಂದ ದಿನ ಬಾಗಿಲ ಬಳಿಯೇ ನಿಂತು ಪೂರ್ತಿ ನೋಡುವಳು. ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತೀರ್ಪು ಹೇಳುವಳು. ತೀರ್ಪು ಮೂರು ಬಗೆ. "ಮಕ್ಕಳನ್ನ ಕರ್ಕೊಂಡ್ ಬನ್ನಿ." "ಮಕ್ಕಳನ್ನ ಮಲಗಿಸ್ಬುಟ್ಟು ಬನ್ನಿ." "ಬಸುರೀರು ಬರ್ಬೇಡಿ." ಅಷ್ಟೇ, ಕಾರಣ ಹೇಳುತ್ತಿರಲಿಲ್ಲ. ಹೆಂಗಸರು ಅದನ್ನು ಮೀರುತ್ತಲೂ ಇರಲಿಲ್ಲ.

ತಮಾಷೆಯೆಂದರೆ ಊರಿನ ದೊಡ್ಡವರಿಗೂ ಅಕ್ಕಯಮ್ಮನಿಗೂ ಯಾವ ಸಿನಿಮಾದಲ್ಲೂ ಒಮ್ಮತವಿರಲಿಲ್ಲ. ಸಗಟು ವ್ಯಾಪಾರದ ಮಂಡಿ ಇಟ್ಟುಕೊಂಡಿದ್ದ ದೊಡ್ಡಮುನಿಯಪ್ಪನವರು ಊರಿನ ಮಾನಮರ್ಯಾದೆಯನ್ನು ತಮ್ಮ ಹೆಗಲ ಮೇಲಿನ ಟವೆಲ್ಲಿನಂತೆ ಹೊತ್ತು ತಿರುಗುತ್ತಿದ್ದವರು. ಹುಡುಗ ಹುಡುಗಿ ಕೈಹಿಡಿದು ತೋಟದಲ್ಲಿ ಹಾಡುವ ಸಿನಿಮಾ ಬಂದರೆ ಕುಲವೇ ಕೆಟ್ಟಿತೆಂದು ಕೂಗಾಡುವರು. ಅಕ್ಕಯಮ್ಮ ಅದಕ್ಕೆ ಮಕ್ಕಳನ್ನು ಕರೆತನ್ನಿ ಎನ್ನುವಳು. ಒಂದು ಸಲ ದೇವರ ಸಿನಿಮಾ ಬಂತು. ದೇವರು ಭಕ್ತಳನ್ನು ಪರೀಕ್ಷೆ ಮಾಡುತ್ತಾನೆ, ಅವಳು ತನ್ನ ಮಗುವನ್ನೇ ಬಾವಿಗೆ ಹಾಕುತ್ತಾಳೆ, ಕೊನೆಗೆ ದೇವರು ಮಗುವನ್ನು ಎತ್ತಿ ಕೊಡುತ್ತಾನೆ. ದೊಡ್ಡಮುನಿಯಪ್ಪನವರು ಮನೆಯವರನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಬಂದರು. ಅಕ್ಕಯಮ್ಮ ಅವರ ಬಸುರಿ ಸೊಸೆಯನ್ನೂ ಮೊಮ್ಮಕ್ಕಳನ್ನೂ ಬಾಗಿಲಲ್ಲೇ ನಿಲ್ಲಿಸಿದಳು.

"ದೇವ್ರ ಸಿನಿಮಾ ಕಣಮ್ಮ ಇದು!" ಎಂದರು ಅವರು.

"ದೇವ್ರು ಮಾಡಿದ್ರೂ ಮಗೂನ ಬಾವಿಗೆ ಹಾಕೋದು ಹಾಕೋದೇ. ಮಕ್ಳು ರಾತ್ರಿ ಚೀರ್ಕೊಂಡು ಎದ್ರೆ ನೀವು ಎದ್ದು ತಟ್ಟಿ ಮಲಗಿಸ್ತೀರಾ?"

ಅವರು ಮಲಗಿಸುವವರಲ್ಲವೆಂದು ಅವರ ಹೆಂಡತಿಗೆ ಗೊತ್ತಿತ್ತು, ಮಕ್ಕಳನ್ನು ಕರೆದುಕೊಂಡು ಮನೆಗೆ ಹೋದರು. ಅಂದಿನಿಂದ ದೊಡ್ಡಮುನಿಯಪ್ಪನವರಿಗೆ ಅಕ್ಕಯಮ್ಮನನ್ನು ಕಂಡರೆ ಆಗುತ್ತಿರಲಿಲ್ಲ.

ನಲವತ್ತೊಂಬತ್ತನೆಯ ಇಸವಿಯ ಕೊನೆ. ರಾಗಿ ಕೊಯ್ಲು ಮುಗಿದು ಕಣದ ಕೆಲಸ ನಡೆದಿತ್ತು. ಬೆಂಗಳೂರಿನ ಬಸ್ಸಿನಲ್ಲಿ ಒಂದು ತಮಿಳು ಸಿನಿಮಾದ ಡಬ್ಬಿಗಳು ಬಂದವು, ಜೊತೆಗೆ ಒಂದು ಕಾಗದವೂ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಮುನಿಯಲ್ಲಪ್ಪ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ತೋರಿಸಿದ. ಹದಿನೆಂಟು ವರ್ಷ ತುಂಬದವರಿಗೆ ಈ ಸಿನಿಮಾ ತೋರಿಸಬಾರದು, ತೋರಿಸಿದ್ದು ಗೊತ್ತಾದರೆ ಟೆಂಟಿನ ಲೈಸೆನ್ಸು ಹೋಗುತ್ತದೆ ಎಂದು ಗುಮಾಸ್ತ ಹೆದರಿಸಿ ಕಳಿಸಿದ. ಮುನಿಯಲ್ಲಪ್ಪ ತಲೆಯ ಮೇಲೆ ಕೈಹೊತ್ತು ಕೂತ. ವಯಸ್ಸೇ ಗೊತ್ತಿಲ್ಲದ ಊರಿನಲ್ಲಿ ಹದಿನೆಂಟನ್ನು ಎಲ್ಲಿಂದ ಹುಡುಕುವುದು? ಗೊತ್ತಿದ್ದವಳು ಒಬ್ಬಳೇ. ಅವಳನ್ನು ಕರೆಸಿ ಕಾಗದದಲ್ಲಿ ಇದ್ದದ್ದನ್ನು ಹೇಳಿದ. ಆ ಹೊತ್ತಿನ ಮಾತನ್ನು ಅವನೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು.

"ಹದಿನೆಂಟು ಆಗ್ದೋರು ಅಂದ್ರೆ ಏನಪ್ಪಾ ಅರ್ಥ?" ಎಂದಳಂತೆ ಅಕ್ಕಯಮ್ಮ.

"ಮಕ್ಕಳು ಅಂತ ಅಕ್ಕಾ. ಸರ್ಕಾರದ ಪ್ರಕಾರ ಅವ್ರೆಲ್ಲ ಮಕ್ಕಳು."

"ಹೆಣ್ಮಕ್ಕಳೂನಾ?"

"ಹೆಣ್ಣು ಗಂಡು ಅಂತ ಬೇರೆ ಬರ್ದಿಲ್ಲ."

"ಮದ್ವೆ ಆಗಿದ್ರೆ?"

"ಅದೂ ಬರ್ದಿಲ್ಲ."

ಇನ್ನೊಂದು ಸಲ ಹೇಳಿಸಿದಳಂತೆ. ಆಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು, ಹದಿನೆಂಟು ಎಂದು ಬರೆದಿರುವುದು ಎಲ್ಲಿ ಎಂದು ಕೇಳಿ, ಆ ಜಾಗದ ಮೇಲೆ ಬೆರಳಿಟ್ಟು ನೋಡಿದಳಂತೆ. ಆರು ವರ್ಷದಿಂದ ಆಕೆಗೆ ಬೇಕಾಗಿದ್ದ ಅಂಕಿ ಅದು.

ಆ ಅಂಕಿ ಹಿಡಿದುಕೊಂಡು ಆಕೆ ಎರಡು ದಿನ ಊರು ಸುತ್ತಿದಳು. ಬಾವಿಕಟ್ಟೆ, ಸಂತೆ, ಹಿಟ್ಟಿನ ಗಿರಣಿ, ಎಲ್ಲಿ ನಾಲ್ಕು ಜನ ಸೇರಿದ್ದರೆ ಅಲ್ಲಿ, "ಸರ್ಕಾರ ಹದಿನೆಂಟು ಅಂತ ಮಾಡೈತೆ. ಅದಕ್ಕಿಂತ ಕಮ್ಮಿ ಇರೋರೆಲ್ಲ ಮಕ್ಕಳು. ಕಾಗ್ದ ಬಂದೈತೆ" ಎಂದಳು. ಸಿನಿಮಾದ ಮಾತನ್ನು ಎತ್ತಲೇ ಇಲ್ಲ. ಕೇಳಿದವರಲ್ಲಿ ಅರ್ಧ ಜನ ಮದುವೆಗೇ ಕಾನೂನು ಬಂತೆಂದು ಗಾಬರಿಯಾದರು. ಸ್ಕೂಲಿನ ಮೇಷ್ಟ್ರು ಆಕೆಯನ್ನು ತಡೆದು, "ಅಕ್ಕಯಮ್ಮ, ಅದು ಆ ಒಂದು ಸಿನಿಮಾ ನೋಡೋರಿಗೆ ಮಾತ್ರ. ನೀನು ತಪ್ಪು ತಿಳ್ಕೊಂಡಿದ್ದೀಯ" ಎಂದರು.

"ನಾನ್ಯಾಕೆ ತಪ್ಪು ತಿಳ್ಕೊಳ್ಳಿ ಮೇಷ್ಟ್ರೇ? ನೋಡೋಕೇ ಹದಿನೆಂಟು ಬೇಕು ಅಂತ ಬರ್ದವ್ರೆ. ಮಾಡೋಕೆ ಎಷ್ಟು ಬೇಕು ಅಂತ ನಾಚ್ಕೆಯಾಗಿ ಬರ್ದಿಲ್ಲ, ಅಷ್ಟೇ" ಎಂದಳು. ಮೇಷ್ಟ್ರು ಛತ್ರಿ ಬಿಚ್ಚಿಕೊಂಡು ಹೋದರು.

ದೊಡ್ಡಮುನಿಯಪ್ಪನವರ ತೀರ್ಮಾನ ಬೇರೆಯಾಗಿತ್ತು. ಸರ್ಕಾರವೇ ಬೇಡ ಎಂದಿದೆಯೆಂದರೆ ಅದು ಹೊಲಸು ಸಿನಿಮಾ, ಗಂಡಸರು ಬೇಕಾದರೆ ನೋಡಲಿ, ಹೆಂಗಸರ ಬಾಗಿಲು ಮುಚ್ಚಬೇಕು ಎಂದು ಟೆಂಟಿಗೇ ಬಂದು ಮುನಿಯಲ್ಲಪ್ಪನಿಗೆ ಹೇಳಿದರು. ಅಕ್ಕಯಮ್ಮ ಆಗಲೇ ಮೊದಲ ದಿನದ ಆಟ ನೋಡಿಯಾಗಿತ್ತು. ಮುದುಕನೊಬ್ಬನಿಗೆ ಕೊಟ್ಟ ಎಳೆಯ ಹುಡುಗಿಯ ಕಥೆ ಅದು. ಹೆರಿಗೆಯ ದೃಶ್ಯವಿತ್ತು, ಗೋಡೆಯ ಮೇಲೆ ನೆರಳು, ಹುಡುಗಿಯ ಕೂಗು, ಅಷ್ಟೇ. "ಗಂಡಸ್ರು ನೋಡ್ಬೋದು, ಹೆತ್ತೋರು ನೋಡ್ಬಾರ್ದು ಅಂತ ಕಾಗ್ದದಲ್ಲಿ ಬರ್ದಿದ್ರೆ ತೋರ್ಸಣ್ಣ" ಎಂದಳು ಆಕೆ. ಮುನಿಯಲ್ಲಪ್ಪ ಲೈಸೆನ್ಸಿಗೆ ಹೆದರಿದ್ದವನು, ಕಾಗದದಲ್ಲಿ ಇದ್ದದ್ದು ಇದ್ದ ಹಾಗೆಯೇ ನಡೆಯಲಿ ಎಂದುಬಿಟ್ಟ. ಎರಡು ಬಾಗಿಲಿಗೂ ಸೇರಿ ಅಕ್ಕಯಮ್ಮನನ್ನೇ ನಿಲ್ಲಿಸಿದ.

ಆ ವಾರವೇ ಗೌನಿಪಲ್ಲಿಯಿಂದ ಆವಲಮ್ಮ ಬಂದದ್ದು. ಅವರದು ಮಾವಿನ ತೋಪಿನ ಮನೆತನ, ಮನೆಮಾತು ತೆಲುಗು. ಮಗ ಕದಿರೇಶನಿಗೆ ನನ್ನನ್ನು ತಂದುಕೊಳ್ಳುವ ಮಾತು ಮುಗಿದು, ಬರುವ ಮಾಘದಲ್ಲಿ ಮುಹೂರ್ತ ಎಂದು ನಿಶ್ಚಯವಾಯಿತು. ನಾನು ಖುಷಿಯಾಗಿದ್ದೆ. ಅಕ್ಕನ ಗಾಡಿ ನೆನಪಿತ್ತು, ಆದರೆ ಅದು ನನಗೂ ಆಗಬಹುದು ಎಂದು ಹದಿನಾಲ್ಕರಲ್ಲಿ ಯಾರಿಗೆ ಹೊಳೆಯುತ್ತದೆ? ಅಮ್ಮ ಮಾತ್ರ ನಿಶ್ಚಯದ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಕೇಳಿದರೆ ಹಲ್ಲುನೋವು ಎನ್ನುತ್ತಿದ್ದಳು. ಆವಲಮ್ಮನಿಗೆ ಸಿನಿಮಾ ಎಂದರೆ ಪ್ರಾಣ, ಗೌನಿಪಲ್ಲಿಯಲ್ಲಿ ಟೆಂಟು ಇರಲಿಲ್ಲ. ಹೊರಡುವ ಮೊದಲು ಒಂದು ಆಟ ನೋಡಲೇಬೇಕು, ಸೊಸೆಯೂ ಬರಲಿ ಎಂದರು. ಅಪ್ಪ ಗಾಡಿ ಕಟ್ಟಿಸಿದ. ಅಮ್ಮ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆದು ನನಗೆ ಉಡಿಸಿದಳು. ಹಿಡಿದ ನೆರಿಗೆಯನ್ನು ಬಿಟ್ಟು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ನನಗೆ ಅದನ್ನು ಗಮನಿಸುವ ತಾಳ್ಮೆ ಇರಲಿಲ್ಲ.

ಟೆಂಟಿನ ಮುಂದೆ ಸಂತೆಗಿಂತ ಹೆಚ್ಚು ಜನ. ಸಿನಿಮಾಗಿಂತ ಬಾಗಿಲಿನ ಆಟ ನೋಡಲು ಬಂದವರೇ ಜಾಸ್ತಿ. ಪೆಟ್ರೋಮ್ಯಾಕ್ಸ್ ದೀಪದ ಕೆಳಗೆ ಅಕ್ಕಯಮ್ಮ ನಿಂತಿದ್ದಳು, ಕೆಲಸಕ್ಕೆ ನಿಂತಾಗ ಮಾಡುವಂತೆ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಮೀಸೆ ಬಿಟ್ಟ ಒಬ್ಬ ಎದೆ ಸೆಟೆಸಿಕೊಂಡು ಬಂದ. "ನಿಂದು ಹುರುಳಿ ಸಾರು, ಕೋಡಿ ಬಿದ್ದ ವರ್ಷ. ಬರೋ ಯುಗಾದಿಗೆ ಹದಿನೇಳು. ಹೋಗು" ಎಂದಳು. ಅವನ ಹಿಂದೆ ಬಂದ ಗಿಡ್ಡ ಆಸಾಮಿಯನ್ನು ಎಲ್ಲರೂ ಹುಡುಗನೆಂದುಕೊಂಡಿದ್ದರು. "ಇವ್ನಿಗೆ ಇಪ್ಪತ್ತೆರಡು, ಬಿಡಿ ಒಳಕ್ಕೆ" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಕಂಕುಳಲ್ಲಿ ಕೂಸಿದ್ದ ಒಬ್ಬಳು ಬಂದಳು. ಅಕ್ಕಯಮ್ಮ ಅವಳ ಮುಖ ನೋಡಿ ಮೆಲ್ಲಗೆ, "ನಿಂಗಿನ್ನೂ ಹದಿನಾರಮ್ಮ" ಎಂದಳು. ಆಗ ಯಾರೂ ನಗಲಿಲ್ಲ.

ನಮ್ಮ ಸರದಿ ಬಂತು. ಅಪ್ಪ ಮುಂದೆ ನಿಂತು, ಅಕ್ಕಯಮ್ಮನ ಮುಖ ನೋಡದೆ, "ಮೂರು ಜನ ಹೆಂಗಸ್ರು" ಎಂದ. ಅಕ್ಕಯಮ್ಮ ಆವಲಮ್ಮನಿಗೆ ದಾರಿ ಬಿಟ್ಟಳು, ಅಮ್ಮನಿಗೆ ದಾರಿ ಬಿಟ್ಟಳು, ನನ್ನ ಎದೆಯ ಮುಂದೆ ಕೈ ಅಡ್ಡ ಹಿಡಿದಳು.

"ಭಾರತಿಗೆ ಹದಿನಾಲ್ಕು. ಇದು ಇನ್ನೂ ಮಗು" ಎಂದಳು.

ನನ್ನ ಕಿವಿ ಬಿಸಿಯಾಯಿತು. "ನಂಗೆ ಹದಿನೆಂಟು!" ಎಂದು ನಾನೇ ಕೂಗಿದೆ. ಅಪ್ಪನೂ ಜೊತೆಗೆ, "ಹೌದು, ಹದಿನೆಂಟು ತುಂಬೈತೆ" ಎಂದ.

ಆವಲಮ್ಮ ಅಪ್ಪನ ಕಡೆ ತಿರುಗಿದರು. "ಏಮಯ್ಯಾ, ಮೊನ್ನೆ ಹದಿನಾರು ಅಂದ್ರಲ್ಲ? ಎರಡು ದಿನಕ್ಕೆ ಎರಡು ವರ್ಷ ಬೆಳೆದ್ಳಾ ಹುಡುಗಿ?"

ಹಿಂದೆ ನಿಂತವರು ಮತ್ತೆ ನಗತೊಡಗಿದರು. ದೊಡ್ಡಮುನಿಯಪ್ಪನವರು ಗುಂಪಿನಿಂದ ಮುಂದೆ ಬಂದರು. "ಏನು ಆಧಾರ ಐತಮ್ಮ ನಿನ್ ಹತ್ರ? ಹೆತ್ತ ಅಪ್ಪ ಹೇಳ್ತಾವ್ನೆ, ಕೇಳಕ್ಕಾಗಲ್ವಾ? ಅವನ ಮಾತು ದೊಡ್ಡದೋ ನಿನ್ನ ಸಾರಿನ ಲೆಕ್ಕ ದೊಡ್ಡದೋ?"

ಮುನಿಯಲ್ಲಪ್ಪನೂ ಹತ್ತಿರ ಬಂದು, "ಹೋಗ್ಲಿ ಬಿಡಕ್ಕಾ, ನೆಂಟ್ರು ಬಂದವ್ರೆ, ಒಂದು ಹುಡುಗಿ ತಾನೆ" ಎಂದು ಪಿಸುಗುಟ್ಟಿದ.

"ಈ ಒಂದು ಹುಡುಗಿ ಒಳಗೆ ಹೋದ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ. ನಿನ್ ಬಾಗ್ಲು ನೀನು ನೋಡ್ಕೋ" ಎಂದಳು ಅಕ್ಕಯಮ್ಮ. ಆಮೇಲೆ ಅಡ್ಡ ಹಿಡಿದ ಕೈ ಇಳಿಸದೆ ಆವಲಮ್ಮನ ಕಡೆ ತಿರುಗಿದಳು. "ಅಮ್ಮಾ, ನೀವು ಹೊರಗಿನೋರು, ನಿಮ್ಗೆ ಗೊತ್ತಿಲ್ಲ. ಇವಳ ಅಕ್ಕ ಹದಿನೈದಕ್ಕೆ ಹೆರಿಗೇಲಿ ಹೋದ್ಳು, ನನ್ನ ಈ ಎರಡು ಕೈಯಲ್ಲಿ. ಹೆರೋದನ್ನ ಪರದೆ ಮೇಲೆ ನೋಡೋಕೇ ಇವಳು ಚಿಕ್ಕೋಳು ಅಂತ ಸರ್ಕಾರ ಹೇಳ್ತದೆ. ಮಾಘಕ್ಕೆ ಮದ್ವೆ ಅಂತೆ. ಮುಂದಿನ ವರ್ಷ ಇದೇ ಹುಡುಗೀನ ನನ್ನ ಮುಂದೆ ಚಾಪೆ ಮೇಲೆ ಮಲಗಿಸ್ತೀರಾ?"

ಅಪ್ಪ ಕೈ ಎತ್ತಿಕೊಂಡು ಬಂದ. "ಬಾಯ್ಮುಚ್ಚು! ನನ್ನ ಮಗಳನ್ನ ಕೊಂದೋಳು ನೀನೇ, ಈಗ ಇವಳ ಮದುವೆ ಕೆಡಿಸೋಕೆ ನಿಂತಿದ್ದೀಯಾ!"

ಅಕ್ಕಯಮ್ಮ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಅಡ್ಡ ಹಿಡಿದ ಕೈಯನ್ನೂ ಇಳಿಸಲಿಲ್ಲ. ಆರು ವರ್ಷದಿಂದ ನನ್ನ ಅಮ್ಮ ಹೇಳುತ್ತ ಬಂದದ್ದೂ ಅಪ್ಪನ ಆ ಮಾತನ್ನೇ. ಎಲ್ಲರೂ ಅಮ್ಮನ ಕಡೆ ನೋಡಿದರು.

ಅಮ್ಮನ ಹೆಸರು ಆದಿಲಕ್ಷ್ಮಿ. ನಾಲ್ಕು ಜನರ ಮುಂದೆ ದನಿ ಎತ್ತಿದ್ದನ್ನು ಅದುವರೆಗೂ ಯಾರೂ ಕೇಳಿರಲಿಲ್ಲ. ಅವಳು ಬಾಗಿಲು ದಾಟಿ ಒಳಗೆ ಹೋಗಿದ್ದಳು. ವಾಪಸು ಹೊರಗೆ ಬಂದಳು. ಬಂದು, ಅಪ್ಪನ ಕಡೆಗಲ್ಲ, ಆವಲಮ್ಮನ ಕಡೆ ತಿರುಗಿ, ಅತ್ತಿಗೆಯೆಂದು ಅವರ ತೆಲುಗಿನಲ್ಲೇ ಕರೆದು ಹೇಳಿದಳು.

"ನನ್ನ ಶ್ಯಾಮಲಾ ಹೋದಾಗ ಇವಳಿಗೆ ಎಂಟು ವರ್ಷ, ಒದಿನೆ. ಅವಳು ಹೋಗಿ ಆರು ವರ್ಷ ಆಯ್ತು. ಕೂಡ್ಕೊಳ್ಳಿ."

ಒಳಗಿನಿಂದ ಎಂಜಿನಿನ ಸದ್ದು ಬರುತ್ತಿತ್ತು.

"ಗಾಡಿ ಕಟ್ಟು ಅಂತ ಎರಡನೇ ದಿನಾನೇ ಅಕ್ಕಯ್ಯ ಹೇಳಿದ್ಳು" ಎಂದಳು ಅಮ್ಮ. "ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಕಟ್ಟಿ ಅಂತ ನಾನೂ ಒಂದು ಮಾತು ಹೇಳ್ಲಿಲ್ಲ. ಅವಳ ಕೈ ಸರಿಯಾಗೇ ಇತ್ತು. ನನ್ನ ಬಾಯೇ ಸರಿಯಿರ್ಲಿಲ್ಲ." ಅವಳು ನನ್ನ ರಟ್ಟೆ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. "ನೀವು ಒಳಗೆ ಹೋಗಿ ಒದಿನೆ, ನಿಮ್ಗೆ ವಯಸ್ಸಾಗೈತೆ. ಪೂರ್ತಿ ನೋಡಿ. ನೋಡಿ ಬಂದ್ಮೇಲೆ ಮಾಘಕ್ಕೆ ಬೇಕಾ ಹೇಳಿ."

ಅಪ್ಪನ ಎತ್ತಿದ ಕೈ ಯಾವಾಗ ಇಳಿಯಿತೋ ನಾನು ನೋಡಲಿಲ್ಲ. ಆವಲಮ್ಮ ಒಳಗೆ ಹೋದರು. ಅಪ್ಪ ಗಾಡಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ಕೂತ. ಅಮ್ಮನೂ ನಾನೂ ಟೆಂಟಿನ ಹೊರಗೆ ನೆಲದ ಮೇಲೆ ಕೂತೆವು. ನಾನು ಅಳುತ್ತಿದ್ದೆ. ಅಕ್ಕನಿಗಾಗಿ ಅತ್ತೆ ಎಂದರೆ ಸುಳ್ಳಾಗುತ್ತದೆ. ಸಿನಿಮಾ ತಪ್ಪಿತೆಂದೂ, ಅವಮಾನವಾಯಿತೆಂದೂ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಗುಡಾರದ ಬಟ್ಟೆಯೊಳಗಿನಿಂದ ಆ ಹುಡುಗಿಯ ಕೂಗು ಕೇಳಿತು. ಅಮ್ಮ ನನ್ನ ಕಿವಿ ಮುಚ್ಚಿದಳು. ಮುಚ್ಚಿದರೂ ಕೇಳಿಸಿತು. ಶ್ಯಾಮಲಕ್ಕ ಹಾಗೇ ಕೂಗಿದ್ದಳು. ಆಗ ಮಾತ್ರ ನನ್ನ ಅಳು ನಿಂತಿತು. ಮಾಘ ಬೇಡ ಎಂದು ನನಗೇ ಅನ್ನಿಸಿದ್ದು ಆ ಕ್ಷಣದಲ್ಲಿ. ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅದನ್ನು ಬಾಯಿಬಿಟ್ಟೇ ಹೇಳಿದೆ.

ಆವಲಮ್ಮ ಮುಗಿಯುವ ಮೊದಲೇ ಎದ್ದು ಬಂದರು. ಕಣ್ಣು ಕೆಂಪಾಗಿತ್ತು. "ಮಾಘ ವದ್ದು, ಬೇಡ" ಎಂದರು ಅಮ್ಮನಿಗೆ. ಕದಿರೇಶ ನಾಲ್ಕು ವರ್ಷ ಕಾದನೇ ಎಂದು ಕೇಳಬೇಡಿ, ಕಾಯಲಿಲ್ಲ. ಬೇರೆ ಕಡೆ ಹೆಣ್ಣು ತಂದುಕೊಂಡ. ಅಪ್ಪ ಆಮೇಲೂ ಒಂದೆರಡು ಕಡೆ ಗಂಡು ನೋಡಿದ. ಆದರೆ ನನ್ನ ವಯಸ್ಸು ಸಂತೆ ಬಯಲಿನಲ್ಲಿ ಎಲ್ಲರ ಎದುರು ಹೇಳಿಯಾಗಿತ್ತು, ಅದನ್ನು ಇನ್ನು ಅವನು ಬೆಳೆಸುವಂತಿರಲಿಲ್ಲ. ಕಾಯುವಷ್ಟು ದಿನ ಸ್ಕೂಲಿಗೆ ಹೋಗಲಿ ಎಂದರು. ಹಾಗೆ ಓದಿದ್ದಕ್ಕೆ ಮಾಲೂರಿನಲ್ಲಿ ಮೇಡಂ ಆಗಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದೆ.

ಆ ಸಂಜೆಯ ಕೊನೆಯ ಭಾಗ ಹೇಳದೆ ಬಿಡಲಾರೆ. ಆಟ ಮುಗಿಯಿತು. ಗಂಡಸರು ಬೀಡಿ ಹಚ್ಚಿಕೊಂಡು ಹೊರಟರು. ದೊಡ್ಡಮುನಿಯಪ್ಪನವರು ಟವೆಲು ಕೊಡವಿಕೊಂಡು ಮುಂದೆ ಹೋದರು, ಅವರ ಹೆಂಡತಿ ಹಿಂದೆ ಹೋಗಲಿಲ್ಲ. ಹೆಂಗಸರ ಕಡೆಯವರು ಯಾರೂ ಮನೆಗೆ ಹೊರಡಲಿಲ್ಲ. ದೀಪದ ಕೆಳಗೆ ಅಕ್ಕಯಮ್ಮನ ಸುತ್ತ ನಿಂತರು. ಮೊದಲು ಮಂಡಿಯವರ ಹೆಂಡತಿಯೇ ತಗ್ಗಿದ ದನಿಯಲ್ಲಿ, "ನಮ್ ಮೊಮ್ಮಗಳಿಗೆ ನಿಜ್ವಾಗೂ ಎಷ್ಟಾಯ್ತಕ್ಕಾ?" ಎಂದರು. ಅಕ್ಕಯಮ್ಮ ಹೇಳಿದಳು. ಅವರು ಬೆರಳು ಮಡಿಸಿ ಹದಿನೆಂಟಕ್ಕೆ ಇನ್ನೆಷ್ಟು ಎಂದು ಎಣಿಸಿದರು. ಅವರ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. "ನಮ್ಮ ಹುಡುಗೀಗೆ?" "ನಮ್ಮನೇದಕ್ಕೆ?" ಅಕ್ಕಯಮ್ಮ ಪ್ರತಿಯೊಬ್ಬಳ ಮುಖ ನೋಡಿ, ಕಣ್ಣು ಮುಚ್ಚಿ, ಉಂಡದ್ದನ್ನು ನೆನೆಸಿಕೊಂಡು ಹೇಳುತ್ತ ಹೋದಳು.

ಅಪ್ಪ ಗಾಡಿಯಿಂದ, "ಹೊತ್ತಾಯ್ತು, ಬರ್ತೀರೋ ಇಲ್ವೋ" ಎಂದು ಕೂಗಿದ.

"ಇರಿ" ಎಂದಳು ಅಮ್ಮ. "ಅಕ್ಕಯ್ಯ ಎಲ್ಲರದೂ ಹೇಳಿ ಮುಗಿಸ್ಲಿ. ಅವಳನ್ನ ಮನೆಗೆ ಬಿಟ್ಟು ಹೋಗಣ."

ಅಪ್ಪ ಎತ್ತುಗಳ ಹಗ್ಗ ಬಿಗಿಹಿಡಿದು ಕಾಯುತ್ತ ಕೂತ.